ಒಂಬತ್ತನೇ ದೈತ್ಯ ಮತ್ತು ನನ್ನ ಬಲಗೈ

ಮನುಷ್ಯನ ಬಲಗೈ ಮುರಿಯುವುದಕ್ಕೆ ಮರ್ಯಾದಸ್ಥ ಕಾರಣಗಳು ಎಷ್ಟೋ ಇವೆ. ಯಾರನ್ನೋ ಕಾಪಾಡಲು ಹೋಗಿ ಮುರಿಯಬಹುದು, ಯಾರಿಗೋ ಹೊಡೆಯಲು ಹೋಗಿ ಮುರಿಯಬಹುದು, ಕಡೇ ಪಕ್ಷ ಮೆಟ್ಟಿಲಿನಿಂದ ಜಾರಿಯಾದರೂ ಮುರಿಯಬಹುದು. ನನ್ನದು ಮುರಿದದ್ದು ಛತ್ರಿಯಿಂದ. ಅದೂ ನನ್ನ ಛತ್ರಿಯಲ್ಲ.

ನನ್ನ ಕೆಲಸ ಬಸ್ ನಿಲ್ದಾಣದ ಹಿಂಭಾಗದಲ್ಲಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ವಿಭಾಗದಲ್ಲಿ. ಬಸ್ಸಿನಲ್ಲಿ ಮರೆತ ಛತ್ರಿ, ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ, ಎಲ್ಲ ನನ್ನ ಬಳಿಗೇ ಬರುತ್ತವೆ. ಒಮ್ಮೆ ಒಂದು ಊರುಗೋಲು ಬಂದಿತ್ತು. ಅದನ್ನು ಬಿಟ್ಟು ಆ ಪುಣ್ಯಾತ್ಮರು ಹೇಗೆ ಇಳಿದು ಹೋದರೋ ಇವತ್ತಿಗೂ ತಿಳಿದಿಲ್ಲ. ಪ್ರತಿಯೊಂದಕ್ಕೂ ಚೀಟಿ ಬರೆದು, ದಾರ ಕಟ್ಟಿ, ಕಪಾಟಿನಲ್ಲಿ ಇಡಬೇಕು. ಹತ್ತು ಹೋದರೆ ಹದಿನೈದು ಬರುತ್ತವೆ. ಇಪ್ಪತ್ತೆರಡು ವರ್ಷದಲ್ಲಿ ಕಪಾಟು ಒಂದು ದಿನವೂ ಖಾಲಿಯಾದದ್ದನ್ನು ನಾನು ಕಂಡಿಲ್ಲ.

ಒಂದು ಮಧ್ಯಾಹ್ನ ಸ್ಟೂಲಿನ ಮೇಲೆ ನಿಂತು, ಮೇಲಿನ ಸಾಲಿನ ಒಂದು ಛತ್ರಿ ಬಿಚ್ಚುತ್ತದೋ ಇಲ್ಲವೋ ನೋಡೋಣವೆಂದು ಅದರ ಹಿಡಿ ಒತ್ತಿದೆ. ಅದು ಇಪ್ಪತ್ತು ವರ್ಷದ ಸಿಟ್ಟನ್ನು ಒಮ್ಮೆಗೇ ತೀರಿಸಿಕೊಳ್ಳುವಂತೆ ನನ್ನ ಮುಖಕ್ಕೇ ಬಿಚ್ಚಿಕೊಂಡಿತು. ಸ್ಟೂಲು ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ ಹೋದೆ. ಛತ್ರಿ ಮಾತ್ರ ನಿಧಾನವಾಗಿ ತೇಲುತ್ತ ಸುರಕ್ಷಿತವಾಗಿ ನೆಲಕ್ಕಿಳಿಯಿತು. ಮರುದಿನವೇ ಅದರ ವಾರಸುದಾರರು ಬಂದು, ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದು ಹೊಗಳಿ, ತೆಗೆದುಕೊಂಡು ಹೋದರಂತೆ.

ಆರು ವಾರ ಕಳೆದು ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿತ್ತು, ಬೆರಳು ಮಡಚುತ್ತಿರಲಿಲ್ಲ. ನನ್ನನ್ನು ಆಸ್ಪತ್ರೆಯ ವ್ಯಾಯಾಮ ಚಿಕಿತ್ಸೆಯ ವಿಭಾಗಕ್ಕೆ ಕಳಿಸಿದರು. ಅಲ್ಲಿದ್ದವರು ಬೆರಳಿನ ಡಾಕ್ಟರಮ್ಮ. ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ. ಗಿಡ್ಡ ಆಳು, ತುಂಬ ಚುರುಕು, ತುರುಬಿನಲ್ಲಿ ಒಂದು ಪೆನ್ಸಿಲ್. ಅವರು ನನ್ನ ಕೈಗೊಂದು ರಬ್ಬರ್ ಚೆಂಡು ಕೊಟ್ಟರು. ಚೆಂಡಿಗೆ ಒಂದು ಕೊಳವೆ, ಕೊಳವೆಯ ತುದಿಗೆ ಗಡಿಯಾರದಂಥ ಒಂದು ಬಿಲ್ಲೆ, ಅದರೊಳಗೆ ಒಂದು ಮುಳ್ಳು. ಹಿಚುಕಿದಷ್ಟೂ ಮುಳ್ಳು ಮೇಲೇರುತ್ತದೆ. ನಾನು ಹಲ್ಲು ಕಚ್ಚಿ ಹಿಚುಕಿದೆ. ಮುಳ್ಳು ಎಂಟಕ್ಕೆ ಬಂದು ಸುಸ್ತಾಗಿ ನಿಂತಿತು.

"ಮೂವತ್ತು ಮುಟ್ಬೇಕು," ಎಂದರು ಡಾಕ್ಟರಮ್ಮ. "ಮುಟ್ಟಿದ ದಿನ ನೀವು ಗುಣ ಅಂತ ಬರೀತೀನಿ. ಚೆಂಡು ಕೊಟ್ಟು ಮನೆಗೆ ಕಳಿಸಿದ್ರೆ ಯಾರೂ ಹಿಚುಕಲ್ಲ, ಕಿಟಕಿ ಮೇಲೆ ಇಟ್ಟುಬಿಡ್ತಾರೆ. ಅದಕ್ಕೇ ಇದು." ಮೇಜಿನ ಕೆಳಗಿನಿಂದ ಒಂದು ಪೆಟ್ಟಿಗೆ ತೆಗೆದರು. ಒಳಗಿದ್ದದ್ದು ವಿಡಿಯೋ ಗೇಮು.

"ಮೇಡಂ, ನನಗೆ ಐವತ್ತೊಂದು ವರ್ಷ."

"ನಿಮ್ಮ ಬೆರಳಿಗೆ ಅದು ಗೊತ್ತಿಲ್ಲ ಬಿಡಿ. ದಿನಾ ಸಂಜೆ ಅರ್ಧ ಗಂಟೆ ಆಡಿ. ಗುಣವಾದ ತಕ್ಷಣ ವಾಪಸ್ ತನ್ನಿ. ನನ್ನ ಹತ್ರ ಇರೋದು ಇಂಥ ಪೆಟ್ಟಿಗೆ ಮೂರೇ. ಹದಿನೇಳು ಜನ ಕಾಯ್ತಿದಾರೆ, ನೆನಪಿರಲಿ."

ನೆನಪಿರುತ್ತದೆ ಎಂದು ನಾನು ಹೇಳಿದೆ. ಹೇಳುವಾಗ ಅದು ನಿಜವೇ ಆಗಿತ್ತು.

ಸಂಜೆ ನನ್ನ ಭಾವಮೈದ ಬಂದು ತಂತಿಗಳನ್ನೆಲ್ಲ ಟಿವಿಗೆ ಜೋಡಿಸಿಕೊಟ್ಟ. ಅವನು ಔಷಧಿ ಕಂಪನಿಯ ಪ್ರತಿನಿಧಿ. ಊರಿನ ಡಾಕ್ಟರುಗಳೆಲ್ಲ ತನ್ನ ಮಾತು ಮೀರುವುದಿಲ್ಲ ಎಂಬುದು ಅವನ ನಂಬಿಕೆ. ಡಾಕ್ಟರುಗಳಿಗೆ ಈ ವಿಷಯ ಗೊತ್ತಿಲ್ಲ. ಅವನು ಹೋದ ಮೇಲೆ ನಾನು ಬಟನ್‌ಗಳಿದ್ದ ಆಟದ ಹಿಡಿಯನ್ನು ಎರಡೂ ಕೈಯಲ್ಲಿ ತಟ್ಟೆಯ ಹಾಗೆ ಹಿಡಿದು ಕೂತೆ.

ಪರದೆಯ ಮೇಲೆ ಬೂದು ಬಣ್ಣದ ಬಯಲು. ಎದೆಮಟ್ಟದ ಹುಲ್ಲು, ಗಾಳಿ. ಮಧ್ಯದಲ್ಲಿ ಹೆಬ್ಬೆರಳಷ್ಟು ದೊಡ್ಡ ಒಬ್ಬ ಮನುಷ್ಯ, ಕೈಯಲ್ಲೊಂದು ಸುತ್ತಿಗೆ. ಅದು ನಾನು. ಬೇರೆ ಯಾರೂ ಇಲ್ಲ. ದೂರದಲ್ಲೊಂದು ಗುಡ್ಡ, ಗುಡ್ಡದ ಮೇಲೆ ಮರ, ಮರದ ಮೇಲೆ ಹಕ್ಕಿ. ನಾನು ಗುಡ್ಡದ ಕಡೆ ನಡೆದೆ. ಹತ್ತಿರ ಹೋದಾಗ ಗುಡ್ಡ ಎದ್ದು ನಿಂತಿತು.

ಎದ್ದು ನಿಲ್ಲುವುದಕ್ಕೆ ಅದಕ್ಕೆ ಒಂದು ನಿಮಿಷವೇ ಬೇಕಾಯಿತು. ಮೊದಲು ಹಕ್ಕಿಗಳು ಹಾರಿದವು. ಆಮೇಲೆ ಮಣ್ಣು ಉದುರಿತು. ಒಂದು ಭುಜ ಬಂತು, ಮತ್ತೆ ಇನ್ನೊಂದು, ಕೊನೆಗೆ ಪಾಚಿ ಹಿಡಿದ ಒಂದು ಮುಖ ಮೋಡಗಳ ನಡುವಿನಿಂದ ಬಗ್ಗಿ ನನ್ನನ್ನೇ ನೋಡಿತು. ನನ್ನನ್ನು ಯಾರೂ ಅಷ್ಟು ಗಮನವಿಟ್ಟು ನೋಡಿ ಎಷ್ಟು ಕಾಲವಾಗಿತ್ತೋ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗಲೇ ಅದು ಒಂದು ಪಾದ ಎತ್ತಿ, ನಿಧಾನವಾಗಿ ತಂದು ನನ್ನ ಮೇಲಿಟ್ಟಿತು.

"ಮುಗೀತಾ?" ಎಂದಳು ಹೆಂಡತಿ ಅಡುಗೆಮನೆಯಿಂದ.

"ಮುಗೀತು."

"ಅರ್ಧ ಗಂಟೆ ಅಂದಿದ್ರಲ್ಲ, ಇನ್ನೂ ಎರಡು ನಿಮಿಷ ಆಗಿಲ್ಲ."

ಮತ್ತೆ ಶುರುಮಾಡಿದೆ. ಮತ್ತೆ ಪಾದ. ಮತ್ತೆ ಶುರು. ನಾನು ಎಷ್ಟು ಸಲ ಸತ್ತರೂ ಆ ದೈತ್ಯ ಬೇಸರಿಸದೆ, ಇವನ್ಯಾರು ದಂಡಪಿಂಡ ಎಂದು ಮುಖ ತಿರುಗಿಸದೆ, ಮೊದಲಿನಿಂದ ಎದ್ದು ನಿಂತು ನನ್ನನ್ನು ಎದುರುಗೊಳ್ಳುತ್ತಿತ್ತು. ಹನ್ನೆರಡನೇ ಸಲಕ್ಕೆ ನನಗೊಂದು ಗುಟ್ಟು ತಿಳಿಯಿತು. ಪಾದ ಎತ್ತುವ ಮುಂಚೆ ಅದು ಒಮ್ಮೆ ದೊಡ್ಡದಾಗಿ ಉಸಿರೆಳೆದುಕೊಳ್ಳುತ್ತದೆ. ಆ ಉಸಿರು ಕೇಳಿದಾಗ ಪಕ್ಕಕ್ಕೆ ಹಾರಿದರೆ ಪಾದ ತಪ್ಪುತ್ತದೆ, ಕಾಲಿನ ಬೇರು ಬಿಳಲು ಹಿಡಿದು ಹತ್ತಬಹುದು. ಮೈಮೇಲೆ ಎಲ್ಲೋ ಒಂದು ಕಡೆ ಒಂದು ದೀಪ ಉರಿಯುತ್ತಿರುತ್ತದೆ. ಅದನ್ನು ಹುಡುಕಿ ಸುತ್ತಿಗೆಯಿಂದ ಒಡೆದರೆ ದೈತ್ಯ ಮೊಣಕಾಲೂರಿ, ಮಲಗಿ, ಮತ್ತೆ ಗುಡ್ಡವಾಗುತ್ತದೆ. ಮೊದಲನೆಯದರ ದೀಪ ಕಿವಿಯ ಹಿಂದೆ ಇತ್ತು. ನಾಲ್ಕನೇ ದಿನ ಅದನ್ನು ಒಡೆದೆ. ಗುಡ್ಡದ ಮೇಲೆ ಹಕ್ಕಿಗಳು ವಾಪಸ್ ಬಂದು ಕೂತವು. ಕೆಳಗೆ ಬರೆದು ಬಂತು: ಇನ್ನು ಎಂಟು.

ಇನ್ನು ಎಂಟು! ಆ ಎರಡು ಪದ ನನಗೆ ಕೊಟ್ಟ ಸುಖವನ್ನು ಛತ್ರಿಗೆ ಚೀಟಿ ಕಟ್ಟಿದವರೇ ಬಲ್ಲರು. ನನ್ನ ಕಪಾಟಿನ ಮೇಲೆ ಯಾವತ್ತೂ ಯಾರೂ ಇನ್ನು ಎಂಟು ಎಂದು ಬರೆದಿಲ್ಲ. ಅಲ್ಲಿ ಕಷ್ಟ ಸಣ್ಣದು, ಕೊನೆಯಿಲ್ಲದ್ದು. ಇಲ್ಲಿ ಕಷ್ಟ ಬೆಟ್ಟದಷ್ಟು, ಆದರೆ ಅದಕ್ಕೆ ತಲೆಯಿದೆ, ಕಾಲಿದೆ, ಒಂದು ದೀಪವಿದೆ. ಉಳಿದ ಜೀವನವೂ ಹೀಗೆ ಎದುರಿಗೆ ನಿಂತು ಮುಖ ತೋರಿಸಿದ್ದರೆ ನಾನೂ ಏನಾದರೂ ಆಗುತ್ತಿದ್ದೆನೋ ಏನೋ.

ಅಂದಿನಿಂದ ನಾನು ನೆಲದ ಮೇಲೆ ಅಷ್ಟಾಗಿ ಇರಲಿಲ್ಲ. ಎರಡನೆಯದು ಕೆರೆಯೊಳಗೆ ಮಲಗಿತ್ತು. ಅದು ಮಗ್ಗುಲು ಬದಲಿಸಿದರೆ ಅಲೆ ಏಳುತ್ತಿತ್ತು. ಮೂರನೆಯದು ಒಗೆದು ಹಾಕಿದ ಉದ್ದ ಬಟ್ಟೆಯ ಹಾಗೆ ಆಕಾಶದಲ್ಲಿ ತೇಲುತ್ತಿತ್ತು. ನಾಲ್ಕನೆಯದಕ್ಕೆ ಎದೆಯಲ್ಲಿ ಬಾಗಿಲುಗಳಿದ್ದವು, ಒಳಗೆ ಮೆಟ್ಟಿಲುಗಳಿದ್ದವು. ಕಚೇರಿಯಲ್ಲಿ ಚೀಟಿ ಬರೆಯುತ್ತ ಕಿಟಕಿಯಾಚೆ ನೋಡಿದರೆ, ನಿಲ್ದಾಣದ ಬಸ್ಸುಗಳ ನಡುವೆ ಯಾವುದೋ ಒಂದು ಮೆಲ್ಲನೆ ಹಾದುಹೋಗುತ್ತಿತ್ತು, ಅದರ ನೆರಳು ಟಿಕೆಟ್ ಕೊಳ್ಳುವ ಸಾಲಿನ ಮೇಲೆ ಬಿದ್ದು ಸರಿಯುತ್ತಿತ್ತು. ನಾನೊಬ್ಬನೇ ನೋಡುತ್ತಿದ್ದೆ. ಸುಖವಾಗಿದ್ದೆ.

ತೊಂದರೆ ಎಂದರೆ ಕೈಯೂ ಸುಖವಾಗತೊಡಗಿತ್ತು. ಪ್ರತಿ ಸೋಮವಾರ ಡಾಕ್ಟರಮ್ಮನ ಚೆಂಡು ಹಿಚುಕಿದಾಗ ಮುಳ್ಳು ಹನ್ನೆರಡು, ಹದಿನೇಳು, ಇಪ್ಪತ್ತೆರಡು ಎಂದು ಏರುತ್ತಿತ್ತು. ಐದನೇ ಸೋಮವಾರ ಇಪ್ಪತ್ತೇಳಕ್ಕೆ ಬಂತು.

"ಭೇಷ್!" ಎಂದರು ಡಾಕ್ಟರಮ್ಮ. "ಮುಂದಿನ ವಾರ ಪೆಟ್ಟಿಗೆ ತಂದುಬಿಡಿ."

ನಾನು ಉರುಳಿಸಿದ್ದು ಆಗ ಐದೇ ದೈತ್ಯರನ್ನು. ಇನ್ನೂ ನಾಲ್ಕು ಎಲ್ಲೋ ಕಾಯುತ್ತಿದ್ದವು. ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ. ಮುಂದಿನ ಸೋಮವಾರ ಡಾಕ್ಟರಮ್ಮ ಚೆಂಡು ಕೊಟ್ಟರು. ನಾನು ಮುಖ ಕಿವುಚಿದೆ, ಹಣೆಯ ನರ ಉಬ್ಬಿಸಿದೆ, ಹಾ ಎಂದೆ, ಕೈಯನ್ನು ಮಾತ್ರ ಅದರ ಪಾಡಿಗೆ ಬಿಟ್ಟೆ. ಮುಳ್ಳು ಹನ್ನೊಂದಕ್ಕೆ ಬಂದು ನಿಂತಿತು.

ಡಾಕ್ಟರಮ್ಮ ತುರುಬಿನ ಪೆನ್ಸಿಲ್ ತೆಗೆದರು, ಬರೆಯಲಿಲ್ಲ, ಮತ್ತೆ ಸಿಕ್ಕಿಸಿಕೊಂಡರು. "ಹಿಂದಕ್ಕೆ ಹೋಯ್ತಲ್ಲ! ಹೀಗೆ ಆಗೋದೇ ಇಲ್ಲ."

"ಏನೋ ಮೇಡಂ, ಸೆಳೆತ," ಎಂದೆ ನಾನು, ಸಣ್ಣ ದನಿಯಲ್ಲಿ.

ಸುಳ್ಳು ಹೇಳುವವನಿಗೆ ಒಂದು ಅಂದಾಜಿರಬೇಕು. ನನಗಿರಲಿಲ್ಲ. ಒಂದು ವಾರ ಒಂಬತ್ತು, ಇನ್ನೊಂದು ವಾರ ಹದಿಮೂರು ಎಂದು ತೋರಿಸಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಆದರೆ ನಾನು ಶಿಸ್ತಿನ ಮನುಷ್ಯ. ವಾರ ವಾರ ಹನ್ನೊಂದಕ್ಕೇ ನಿಲ್ಲಿಸಿದೆ. ಮನೆಯಲ್ಲಿ ಒದ್ದೆ ಬಟ್ಟೆ ಹಿಂಡಿ ಅಭ್ಯಾಸ ಮಾಡಿಕೊಂಡು ಹೋಗುತ್ತಿದ್ದೆ. ಡಾಕ್ಟರಮ್ಮನ ಪುಸ್ತಕದಲ್ಲಿ ಹನ್ನೊಂದುಗಳು ಒಂದರ ಕೆಳಗೊಂದು ಸಾಲಾಗಿ ನಿಂತವು. ಅವರು ದಪ್ಪ ದಪ್ಪ ಪುಸ್ತಕಗಳನ್ನು ತಿರುವಿದರೂ ಇಂಥ ಕೈ ಸಿಗಲಿಲ್ಲವಂತೆ.

ಕೈ ಗುಣವಾಗಿಲ್ಲ ಎಂದ ಮೇಲೆ ಆಸ್ಪತ್ರೆಯಲ್ಲಿ ಮಾತ್ರ ಗುಣವಾಗದೆ ಇದ್ದರೆ ಸಾಲದಲ್ಲ. ಕಚೇರಿಯಲ್ಲಿ ನಮ್ಮ ಮೇಲ್ವಿಚಾರಕರು ನನ್ನ ಕೈಯಿಂದ ದಾರ ಕಿತ್ತುಕೊಂಡರು. "ನೀವು ಕೂತ್ಕೊಳ್ಳಿ. ನಿಮ್ಮಂಥವರು ಸಂಸ್ಥೆಗೆ ಕೈ ಕೊಟ್ಟೋರು," ಎಂದು ಕಣ್ಣೊರೆಸಿಕೊಂಡು, ಛತ್ರಿಗಳಿಗೆಲ್ಲ ತಾವೇ ಚೀಟಿ ಕಟ್ಟತೊಡಗಿದರು. ಮನೆಯಲ್ಲಿ ಹೆಂಡತಿ ಅಂಗಿಯ ಗುಂಡಿ ಹಾಕುತ್ತಿದ್ದಳು, ತಲೆ ಬಾಚುತ್ತಿದ್ದಳು, ಅನ್ನ ಕಲಸಿ ಚಮಚ ಹಾಕಿಕೊಡುತ್ತಿದ್ದಳು. ಒಂದು ದಿನ ಬಾಚಣಿಗೆ ಅಲ್ಲಿಗೇ ನಿಲ್ಲಿಸಿ ಕೇಳಿದಳು.

"ಅಲ್ಲಾ ರೀ, ಬೆಳಿಗ್ಗೆ ಎಂಟು ಗಂಟೆಗೆ ಗುಂಡಿ ಹಾಕ್ಕೊಳ್ಳೋಕೆ ಬರದಿರೋ ಬೆರಳು, ಸಂಜೆ ಆರಕ್ಕೆ ಆ ಆಟದ ಮೇಲೆ ಹಂಗೆ ಕುಣಿಯುತ್ತಲ್ಲ, ಹೇಗೆ?"

"ಅದು ಚಿಕಿತ್ಸೆ ಕಣೇ. ಇದು ಕೆಲಸ."

ಅವಳು ಬೈತಲೆ ತೆಗೆದಳು. ಅಂದು ಬೈತಲೆ ಸ್ವಲ್ಪ ಸೊಟ್ಟಗೇ ಬಂತು.

ಇಷ್ಟರಲ್ಲೇ ನಿಲ್ಲುತ್ತಿತ್ತೋ ಏನೋ. ಆದರೆ ನಮ್ಮ ಮಹಡಿಯ ಕೆಳಗೆ ಡ್ರಿಲ್ ಮೇಷ್ಟ್ರಿದ್ದರು. ಮೂವತ್ತು ವರ್ಷ ಶಾಲಾ ಮಕ್ಕಳಿಗೆ ಎಡ-ಬಲ ಕಲಿಸಿ ನಿವೃತ್ತರಾದವರು, ಈಗಲೂ ತರಕಾರಿ ತರಲು ಕವಾಯತು ಮಾಡುತ್ತಲೇ ಹೋಗುವವರು. ಏಳನೇ ದೈತ್ಯನ ಹೆಜ್ಜೆ ಸದ್ದು ನೆಲದ ಮೂಲಕ ಅವರ ತಲೆಯ ಮೇಲೆ ಬಿದ್ದಾಗ, ಜಗಳಕ್ಕೆಂದು ಮೇಲೆ ಬಂದರು. ಬಾಗಿಲಲ್ಲಿ ನಿಂತು ಪರದೆ ನೋಡಿದರು. ಬೈಯಲು ತೆರೆದ ಬಾಯಿ ಹಾಗೇ ಇತ್ತು.

"ಏನ್ರೀ ಇದು?"

"ಚಿಕಿತ್ಸೆ, ಮೇಷ್ಟ್ರೇ."

"ಇವನಿಗೆ ನಡೆಯೋಕೆ ಯಾರ್ರೀ ಕಲಿಸಿದ್ದು? ಎಡಗಾಲು ತಡವಾಗಿ ಬೀಳ್ತಿದೆ!" ಎನ್ನುತ್ತ ಒಳಗೆ ಬಂದು ಕುರ್ಚಿ ಎಳೆದುಕೊಂಡರು. "ಎಡ ಬೀಳೋ ಮುಂಚೆ ಹತ್ತಿ. ಎಡ... ಬಲ... ಎಡ... ಈಗ!" ನಾನು ಹಾರಿದೆ. ಅಂದೇ ಏಳನೆಯದು ಉರುಳಿತು.

ಮೇಷ್ಟ್ರು ನನ್ನ ಬೆರಳುಗಳ ಓಟವನ್ನು ಕಣ್ಣಾರೆ ನೋಡಿದರು. ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಅವರು ಎದ್ದು ನಿಂತು ನನಗೊಂದು ಸಲ್ಯೂಟ್ ಹೊಡೆದರು. "ಚೆಂಡು ಹಿಡಿಯೋಕೆ ಆಗದಿರೋ ಕೈಯಲ್ಲಿ ಇಷ್ಟು ಹೋರಾಟ! ಎಷ್ಟು ನೋವು ನುಂಗ್ತಿದೀರಿ ಅನ್ನೋದು ನಿಮ್ಮ ಮುಖದಲ್ಲೇ ಕಾಣುತ್ತೆ." ನನ್ನ ಮುಖದಲ್ಲಿ ಇದ್ದದ್ದು ಭಯ. ಮೇಷ್ಟ್ರು ಕೆಳಗಿಳಿದು ಮನೆಮನೆಗೂ ಹೋಗಿ ಈ ವೀರಗಾಥೆ ಹೇಳಿಬಂದರು.

ಮರುದಿನದಿಂದ ನಾನು ಗೇಟಿನೊಳಗೆ ಕಾಲಿಟ್ಟರೆ ನನ್ನ ಚೀಲಕ್ಕೆ ನಾಲ್ಕು ಕೈ ಬರುತ್ತಿದ್ದವು. ಮೊದಲನೇ ಮಹಡಿಯ ಅಜ್ಜಿ ನನಗೋಸ್ಕರ ಉಣ್ಣೆಯ ಕೈಗವಸು ಹೆಣೆದುಕೊಟ್ಟರು, ಬಲಗೈಗೆ ಮಾತ್ರ. ಕಟ್ಟಡದವರೆಲ್ಲ ಸೇರಿ ಆಸ್ಪತ್ರೆಗೆ ಒಂದು ಮನವಿ ಬರೆದರು: ಇಂಥ ಧೀರನ ಕೈ ವಾರ ವಾರವೂ ಹನ್ನೊಂದರಲ್ಲೇ ನಿಂತಿರುವುದು ನಮಗೆಲ್ಲ ನೋವಿನ ಸಂಗತಿ, ಮೇಲಿನವರು ಕೂಡಲೇ ಗಮನಿಸಬೇಕು. ಕೆಳಗೆ ಮೂವತ್ತಾರು ಸಹಿ. ನನ್ನ ಹೆಂಡತಿಯದೂ ಇತ್ತು. ಭಾವಮೈದ ಆ ಮನವಿಯನ್ನು ಹಿಡಿದು ನೇರವಾಗಿ ಮೂಳೆ ವಿಭಾಗದ ದೊಡ್ಡ ಡಾಕ್ಟರ ಬಳಿಗೇ ಹೋದ. "ನೀವು ಯೋಚನೆ ಮಾಡ್ಬೇಡಿ ಭಾವ, ಅವರು ನನಗೆ ತುಂಬ ಬೇಕಾದೋರು," ಎಂದ. ಅವರು ಇವನನ್ನು ನೋಡಿದ್ದು ಅದೇ ಮೊದಲು.

ನನಗೆ ಇದೆಲ್ಲ ಅರೆಗಿವಿಯಲ್ಲಿ ಕೇಳಿಸುತ್ತಿತ್ತು. ಯಾಕೆಂದರೆ ಆಗ ನಾನು ಒಂಬತ್ತನೆಯದರ ಎದುರು ನಿಂತಿದ್ದೆ.

ಅದು ಸಮುದ್ರದ ದಡದಲ್ಲಿ ನಮಗೆ ಬೆನ್ನು ಮಾಡಿ ಕೂತಿತ್ತು. ಸಂಜೆ ಬೆಳಕು, ಮಂಜು. ಅದರ ತಲೆ ಅರ್ಧ ಮಂಜಿನಲ್ಲಿ ಕರಗಿತ್ತು. ಬಲಗೈಯನ್ನು ಮುಷ್ಟಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು, ಯಾರದೋ ಹಡಗು ಬರಬೇಕೇನೋ ಎಂಬಂತೆ ನೀರನ್ನೇ ನೋಡುತ್ತಿತ್ತು. ಅದು ಹೊಡೆಯುವುದಿಲ್ಲ, ತುಳಿಯುವುದಿಲ್ಲ. ನಾನು ಮೈಮೇಲೆ ಹತ್ತಿದ ಕೂಡಲೇ ಎದ್ದು, ನಿಧಾನವಾಗಿ ಸಮುದ್ರದೊಳಗೆ ನಡೆಯುತ್ತದೆ. ನೀರು ಅದರ ಮಂಡಿಗೆ, ಸೊಂಟಕ್ಕೆ, ಹೆಗಲಿಗೆ ಬರುತ್ತದೆ. ಅಷ್ಟರಲ್ಲಿ ದೀಪ ಸಿಗಬೇಕು. ಕಿವಿ, ಕಂಕುಳು, ಹುಬ್ಬು, ಬೆನ್ನು, ಎಲ್ಲ ಹುಡುಕಿದೆ. ಸಿಗುತ್ತಿರಲಿಲ್ಲ. ನಲವತ್ತೊಂದು ಸಲ ಮುಳುಗಿದೆ.

ನಲವತ್ತೊಂದನೇ ಸಲ ಮುಳುಗಿದ ಮರುದಿನ ಡಾಕ್ಟರಮ್ಮ ಕರೆದರು. ಮೇಜಿನ ಮೇಲೆ ಒಂದು ಕಾಗದ.

"ದೊಡ್ಡ ಡಾಕ್ಟರು ಗುರುವಾರ ಮಂಡಳಿ ಕರೆದಿದಾರೆ. ಮೂರು ಜನ ಡಾಕ್ಟರು ನಿಮ್ಮ ಕೈ ನೋಡ್ತಾರೆ," ಎಂದರು. "ಈ ಆಟದ ಚಿಕಿತ್ಸೆ ಅವರಿಗೆ ಮೊದಲಿಂದಲೂ ಇಷ್ಟ ಇಲ್ಲ. ನಿಮ್ಮ ಹನ್ನೊಂದು ನೋಡಿ ಅವರಿಗೆ ಒಳ್ಳೇ ನೆಪ ಸಿಕ್ತು. ಕೈ ಇದರಿಂದ ಹಿಂದಕ್ಕೆ ಹೋಗುತ್ತೆ ಅಂತ ತೀರ್ಮಾನ ಆದ್ರೆ ಮೂರೂ ಪೆಟ್ಟಿಗೆ ಉಗ್ರಾಣಕ್ಕೆ. ಆರು ವರ್ಷ ಕಷ್ಟಪಟ್ಟು ಶುರುಮಾಡಿದ್ದು ರೀ ಇದು. ಹೋಗ್ಲಿ ಬಿಡಿ, ನಿಮ್ಮದೇನು ತಪ್ಪು. ನೀವು ಪ್ರಾಮಾಣಿಕವಾಗಿ ಆಡಿದೀರಿ."

ಪ್ರಾಮಾಣಿಕವಾಗಿ ಎಂಬ ಪದ ನನಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಆಗಲೇ ಹೇಳಿಬಿಡಬೇಕಿತ್ತು. ಹೇಳಿದ್ದರೆ ಪೆಟ್ಟಿಗೆ ಆ ಕ್ಷಣವೇ ಹೋಗುತ್ತಿತ್ತು, ಮುಂದಿನ ರೋಗಿಗೆ ಕೊಡುವಾಗ ನನ್ನ ಆಟವನ್ನೆಲ್ಲ ಅಳಿಸಿ ಮೊದಲಿನಿಂದ ಮಾಡುತ್ತಾರೆ, ಒಂಬತ್ತನೆಯದು ಎಂದೆಂದಿಗೂ ಆ ದಡದಲ್ಲಿ ನನಗೆ ಬೆನ್ನು ಮಾಡಿಯೇ ಕೂತಿರುತ್ತಿತ್ತು. ನಾನು ಸುಮ್ಮನೆ ತಲೆಯಾಡಿಸಿ ಬಂದೆ. ಗುರುವಾರ ಮಂಡಳಿಯ ಮುಂದೆಯೇ ಪವಾಡದಂತೆ ಗುಣವಾಗಿಬಿಡುವುದು ಎಂದು ನಿರ್ಧರಿಸಿದೆ. ಡಾಕ್ಟರಮ್ಮನ ಚಿಕಿತ್ಸೆಯೂ ಉಳಿಯುತ್ತದೆ, ನನಗೆ ಎರಡು ಸಂಜೆಯೂ ಸಿಗುತ್ತದೆ. ಆ ಎರಡು ಸಂಜೆಯೂ ಮುಳುಗಿದೆ.

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಆಸ್ಪತ್ರೆಯ ಸಭೆಯ ಕೋಣೆಯಲ್ಲಿ ಉದ್ದ ಮೇಜಿನ ಆಚೆ ಮೂವರು ಡಾಕ್ಟರು, ನಡುವೆ ದೊಡ್ಡ ಡಾಕ್ಟರು. ನಗು ಹುಡುಕುವುದಕ್ಕೂ ಎಕ್ಸ್-ರೇ ತೆಗೆಸಬೇಕಾದಂಥ ಮುಖ. ಈಚೆಗೆ ನನ್ನ ಕಡೆಯವರು: ಹೆಂಡತಿ, ಭಾವಮೈದ, ಕಟ್ಟಡದ ಪರವಾಗಿ ಡ್ರಿಲ್ ಮೇಷ್ಟ್ರು, ಸಂಸ್ಥೆಯ ಪರವಾಗಿ ಮೇಲ್ವಿಚಾರಕರು. ಮೂಲೆಯಲ್ಲಿ ಟಿವಿ, ಪಕ್ಕದಲ್ಲಿ ಸಾಕ್ಷಿಯಾಗಿ ಪೆಟ್ಟಿಗೆ. ಡಾಕ್ಟರಮ್ಮ ಗೋಡೆಗೆ ಒರಗಿ ನಿಂತಿದ್ದರು.

"ಹಿಚುಕಿ," ಎಂದರು ದೊಡ್ಡ ಡಾಕ್ಟರು.

ನಾನು ಪವಾಡಕ್ಕೆ ಸಿದ್ಧನಾಗಿ ಹಿಚುಕಿದೆ. ಮೂವತ್ತಕ್ಕೆ ನಿಲ್ಲಿಸಬೇಕಿತ್ತು. ಹೇಳಿದೆನಲ್ಲ, ನನಗೆ ಅಂದಾಜಿಲ್ಲ. ಮುಳ್ಳು ಮೂವತ್ತು, ನಲವತ್ತು ದಾಟಿ, ಕೊನೆಯ ಗೆರೆಗೆ ಬಡಿದು ಅಲ್ಲೇ ನಡುಗತೊಡಗಿತು. ಚೆಂಡು ಸುಯ್ಯೆಂದು ಬಾಯಿ ಬಿಟ್ಟಿತು.

"ಚೆಂಡು ಕೆಟ್ಟಿದೆ," ಎಂದರು ದೊಡ್ಡ ಡಾಕ್ಟರು ತಣ್ಣಗೆ. "ಮೂರು ತಿಂಗಳಿಂದ ಈ ಕೆಟ್ಟ ಚೆಂಡಿನ ಲೆಕ್ಕ ಬರ್ಕೊಂಡಿದೀರಿ. ಇದೇನಾ ನಿಮ್ಮ ಚಿಕಿತ್ಸೆ?"

ಡಾಕ್ಟರಮ್ಮನ ಮುಖ ಬಿಳಚಿಕೊಂಡಿತು. ನಾನು ಎದ್ದುನಿಂತೆ. "ಸಾರ್, ಚೆಂಡು ಬೇಡ. ಆಡಿ ತೋರಿಸ್ತೀನಿ. ಬೆರಳು ನೋಡಿ ಹೇಳಿ."

ಟಿವಿ ಹಾಕಿದರು. ಸಮುದ್ರ, ಮಂಜು, ಆ ದೊಡ್ಡ ಬೆನ್ನು. ನಾನು ಓಡಿದೆ, ಹಾರಿದೆ, ಹತ್ತಿದೆ. ಬೆರಳುಗಳು ಬಟನ್‌ಗಳ ಮೇಲೆ ಬೇಕಾದ ಹಾಗೆ ಓಡಾಡಿದವು. ಎರಡೇ ನಿಮಿಷಕ್ಕೆ ದೊಡ್ಡ ಡಾಕ್ಟರು ಪೆನ್ನು ಕೆಳಗಿಟ್ಟರು. "ಸಾಕು. ಕೈ ಪೂರ್ತಿ ಸರಿಯಾಗಿದೆ," ಎಂದು ಎದ್ದು ಬಂದು ಸ್ವಿಚ್ಚಿಗೆ ಕೈ ಹಾಕಿದರು.

"ಸಾರ್, ತಡೀರಿ!" ಕೂಗಿದ್ದು ನಾನಲ್ಲ, ಮೇಲ್ವಿಚಾರಕರು. "ನೀರು ಮಂಡಿಗೆ ಬಂದಿದೆ ಸಾರ್!"

"ನಿಲ್ಲಿಸ್ಬೇಡಿ ಸಾರ್, ಪಾಪ, ಇವರು ಮೂರು ತಿಂಗಳಿಂದ ಕಷ್ಟಪಟ್ಟಿದಾರೆ," ಎಂದಳು ನನ್ನ ಹೆಂಡತಿ. ಅವಳ ದನಿಯಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ನಾನು ತಿರುಗಿ ನೋಡಲಿಲ್ಲ. ಡಾಕ್ಟರುಗಳಲ್ಲಿ ಒಬ್ಬರು ಆಗಲೇ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡಿದ್ದರು. "ಸಾರ್, ಸ್ವಲ್ಪ ಪಕ್ಕಕ್ಕೆ," ಎಂದು ಅವರು ದೊಡ್ಡ ಡಾಕ್ಟರಿಗೇ ಹೇಳಿದರು.

ಈ ಗಲಾಟೆಯಲ್ಲಿ, ಎಲ್ಲಿ ಸ್ವಿಚ್ಚು ಆರಿಸಿಬಿಡುತ್ತಾರೋ ಎಂದು ನಾನು ಬಟನ್‌ಗಳನ್ನೆಲ್ಲ ಬಿಟ್ಟು ದೊಡ್ಡ ಡಾಕ್ಟರ ಕೈಯನ್ನೇ ನೋಡುತ್ತಿದ್ದೆ. ಪರದೆಯ ಮೇಲೆ ನನ್ನ ಪುಟ್ಟ ಮನುಷ್ಯ ದೈತ್ಯನ ಬಲಗೈಯ ಮಣಿಕಟ್ಟಿನ ಮೇಲೆ ಸುಮ್ಮನೆ ನಿಂತುಬಿಟ್ಟಿದ್ದ. ಇಷ್ಟು ದಿನ ಅದರ ಮೈಮೇಲೆ ನಾನು ಒಂದು ಕ್ಷಣವೂ ಸುಮ್ಮನೆ ನಿಂತವನಲ್ಲ.

ದೈತ್ಯ ನಡೆಯುವುದನ್ನು ನಿಲ್ಲಿಸಿತು. ನೀರು ಅದರ ಸೊಂಟದ ಸುತ್ತ ಸದ್ದಿಲ್ಲದೆ ನಿಂತಿತು. ಅದು ಕೈಯನ್ನು ಮೆಲ್ಲಗೆ ಮುಖದ ಹತ್ತಿರ ತಂದುಕೊಂಡು, ಇದೇನು ಕೂತಿದೆ ನನ್ನ ಕೈ ಮೇಲೆ ಎಂದು ನೋಡಿತು. ನೋಡುವುದಕ್ಕಾಗಿ ಮುಷ್ಟಿ ತೆರೆಯಿತು, ಒಂದೊಂದೇ ಬೆರಳು, ತುಂಬ ದಿನದಿಂದ ಮಡಚಿಕೊಂಡಿದ್ದ ಬೆರಳು. ಅಂಗೈಯೊಳಗೆ ದೀಪವಿತ್ತು.

"ಹೊಡೀರಿ!" ಎಂದರು ಡ್ರಿಲ್ ಮೇಷ್ಟ್ರು. "ಹೊಡೀರಿ ಭಾವ!" "ಹೊಡೀರಿ!" ಮಂಡಳಿಯ ಮೂವರು ಡಾಕ್ಟರೂ ಕೂಗಿದರು.

ಒಂದು ನಿಮಿಷ ಯೋಚಿಸೋಣ ಎನ್ನಿಸಿತ್ತು ನನಗೆ. ಆದರೆ ಕೈ ಈಗ ಚೆನ್ನಾಗಿ ಗುಣವಾಗಿತ್ತು. ನಾನು ಹೇಳುವ ಮೊದಲೇ ಹೊಡೆದುಬಿಟ್ಟಿತ್ತು.

ದೀಪ ಆರಿತು. ದೈತ್ಯ ತೆರೆದ ಅಂಗೈಯನ್ನು ಹಾಗೇ ಹಿಡಿದುಕೊಂಡು ನೀರಿನೊಳಗೆ ಇಳಿಯಿತು, ಕೊನೆಗೆ ಆ ಅಂಗೈಯೊಂದೇ ನೀರಿನ ಮೇಲೆ ದ್ವೀಪವಾಗಿ ಉಳಿಯಿತು. ಅದರ ಮೇಲೆ ನಾನೊಬ್ಬ. ಕೋಣೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ದೊಡ್ಡ ಡಾಕ್ಟರು ಭಾವಮೈದನ ಬೆನ್ನು ತಟ್ಟುತ್ತಿದ್ದರು. ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಕಣ್ಣು ತುಂಬಿ ಬಂತು. ಡಾಕ್ಟರಮ್ಮ ಓಡಿಬಂದು ನನ್ನ ಕೈ ಹಿಡಿದರು.

"ನೋವಾಯ್ತಾ?"

ಆ ಪ್ರಶ್ನೆಗೆ ನನ್ನಿಂದ ಇನ್ನೊಂದು ಸುಳ್ಳು ಹೇಳಲಾಗಲಿಲ್ಲ. "ಮೇಡಂ, ಈ ಕೈ ಗುಣವಾಗಿ ಎರಡು ತಿಂಗಳಾಯ್ತು. ಹನ್ನೊಂದು ಸುಳ್ಳು," ಎಂದೆ. ಎಲ್ಲರಿಗೂ ಕೇಳಿಸುವಷ್ಟು ಜೋರಾಗಿಯೇ ಬಂತು.

ಚಪ್ಪಾಳೆ ಒಂದೊಂದಾಗಿ ನಿಂತಿತು. ಮೇಲ್ವಿಚಾರಕರು ದಾರ ಕಟ್ಟಿ ಕಟ್ಟಿ ಒರಟಾದ ತಮ್ಮ ಬೆರಳುಗಳನ್ನು ನೋಡಿಕೊಂಡರು. ಡ್ರಿಲ್ ಮೇಷ್ಟ್ರು, ಕೊಟ್ಟ ಸಲ್ಯೂಟನ್ನು ವಾಪಸ್ ತೆಗೆದುಕೊಳ್ಳುವ ಕ್ರಮ ಹೇಗೆಂದು ಯೋಚಿಸುತ್ತ ನಿಂತರು. ಹೆಂಡತಿ ಮಾತ್ರ, "ಅಂತೂ ಹೇಳಿದ್ರಲ್ಲ," ಎಂದು ಮೇಜಿನ ಮೇಲಿದ್ದ ನೀರು ಕುಡಿದಳು. ದೊಡ್ಡ ಡಾಕ್ಟರು ಕಾಗದ ಎಳೆದುಕೊಂಡು ತುಂಬ ಹೊತ್ತು ಬರೆದರು. ಆ ವರದಿಯನ್ನು ಆಮೇಲೆ ನಾನು ಓದಿದೆ: ಚಿಕಿತ್ಸೆ ಪರಿಣಾಮಕಾರಿ, ಮುಂದುವರಿಸಬಹುದು, ಇದರ ದೋಷ ಒಂದೇ, ರೋಗಿ ಗುಣವಾಗಲು ಒಪ್ಪುವುದಿಲ್ಲ.

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹದಿನೇಳು ಜನ ಕಾಯ್ತಿದಾರೆ ಅಂತ ನಿಮಗೆ ಮೊದಲ ದಿನವೇ ಹೇಳಿದ್ದೆ," ಎಂದರು, ಅಷ್ಟೇ. ಆಮೇಲೆ ಒಂದು ಚೀಟಿ ಬರೆದು ಕೊಟ್ಟರು. "ಸಾಲಿನಲ್ಲಿ ಮೊದಲನೆಯವರು ಇವರು. ಕೈಗಡಿಯಾರ ರಿಪೇರಿಯವರು. ಬೆರಳು ಮರಗಟ್ಟಿ ನಾಲ್ಕು ತಿಂಗಳಿಂದ ಅಂಗಡಿ ಮುಚ್ಚಿದೆ. ಪೆಟ್ಟಿಗೆ ನೀವೇ ಹೊತ್ಕೊಂಡು ಹೋಗಿ, ಆ ಕೈಯಲ್ಲೇ. ಅವರಿಗೆ ಆಟ ಬರೋ ತನಕ ದಿನಾ ಸಂಜೆ ಹೋಗಿ ಕಲಿಸಿ."

ಅಂಗಡಿಯ ಹಿಂದೆಯೇ ಅವರ ಮನೆ. ಎಪ್ಪತ್ತು ದಾಟಿದ ಮನುಷ್ಯ, ಹಣೆಯ ಮೇಲೆ ಭೂತಗನ್ನಡಿಯ ಪಟ್ಟಿಯ ಗುರುತು ಇನ್ನೂ ಇತ್ತು. ಗೋಡೆ ತುಂಬ ನಿಂತುಹೋದ ಗಡಿಯಾರಗಳು. "ನನಗ್ಯಾಕಪ್ಪ ಇದೆಲ್ಲ," ಎನ್ನುತ್ತಲೇ ಮರಗಟ್ಟಿದ ಬೆರಳುಗಳಲ್ಲಿ ಹಿಡಿಯನ್ನು ತೆಗೆದುಕೊಂಡರು. ನಾನು ಪಕ್ಕದಲ್ಲಿ ಕೂತೆ. ಬೂದು ಬಯಲು, ಹುಲ್ಲು, ಗಾಳಿ. ಗುಡ್ಡ ಎದ್ದು ನಿಂತಿತು. ಹಕ್ಕಿಗಳು ಹಾರಿದವು.

ಯಜಮಾನರು ಹಿಡಿಯನ್ನು ತೊಡೆಯ ಮೇಲಿಟ್ಟುಕೊಂಡು ತಲೆಯೆತ್ತಿ ನೋಡಿದರು.

"ಉಸಿರೆಳೆದಾಗ ಪಕ್ಕಕ್ಕೆ ಹಾರಿ, ಯಜಮಾನರೇ. ಆಮೇಲೆ ಹತ್ತಿ, ಕಿವಿ ಹಿಂದಿನ ದೀಪ ಒಡೆದುಬಿಟ್ರೆ ಮುಗೀತು."

"ಒಡೆಯೋದಾ? ಯಾಕಪ್ಪ? ಅದು ಅದರ ಪಾಡಿಗೆ ಮಲಗಿತ್ತಲ್ಲ."

ಒಂಬತ್ತು ಒಡೆದಿದ್ದೆ, ಇದನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಯಜಮಾನರು ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಕಿವಿಗೊಟ್ಟು ಕೇಳತೊಡಗಿದರು. ದೈತ್ಯ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು.

"ಕೇಳಿಸ್ತಾ? ಬಲ ಮಂಡಿ ಕಿರುಗುಟ್ತಿದೆ. ಎಷ್ಟು ಕಾಲದಿಂದ ಹಾಗೇ ಬಿಟ್ಟಿದಾರೋ," ಎಂದರು. ಅವರ ಮರಗಟ್ಟಿದ ಹೆಬ್ಬೆರಳು ತುಸುತುಸುವಾಗಿ ಮಡಚಿಕೊಂಡು ಬಟನ್ ಒತ್ತಿತು. ಪುಟ್ಟ ಮನುಷ್ಯ ಪಾದ ತಪ್ಪಿಸಿಕೊಂಡು, ಬಿಳಲು ಹಿಡಿದು, ಮಂಡಿಯ ಕಡೆಗೆ ಹತ್ತತೊಡಗಿದ. ಯಜಮಾನರು ಪರದೆಯಿಂದ ಕಣ್ಣು ತೆಗೆಯದೆ ನನ್ನನ್ನು ಕೇಳಿದರು.

"ಸುತ್ತಿಗೆ ಬೇಡ. ಎಣ್ಣೆ ಹಾಕೋ ಬಟನ್ ಯಾವುದು, ಹೇಳಪ್ಪ."